ಬಿಡುವಿನ ಕೋಣೆಗೆ ಬೀಗ

ಫೆಬ್ರವರಿ ೪, ಮಂಗಳವಾರ

ದೊರೆಯನ್ನು ಬಿಡಿಸಿಕೊಂಡು ಬಂದೆ. ಕರೆದುಕೊಂಡು ಬಂದೆ ಎಂದು ಬರೆಯಬೇಕಿತ್ತು, ಆದರೆ ಕೈಗೆ ಬಂದದ್ದು ಇದೇ ಮಾತು. ಹಗೆಯ ಕೋಟೆಗೆ ನುಗ್ಗಿ ಸೆರೆಯಾಳನ್ನು ಬಿಡಿಸಿಕೊಂಡು ಬಂದ ಹಾಗೇ ಇತ್ತು.

ಕೋಟೆಯಂತೆ ಕೋಟೆ! ನಗರಸಭೆಯ ವೃದ್ಧಾಶ್ರಮದ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಮನೆಗೆ ಅಂಟಿಕೊಂಡ ಎರಡು ಕೋಣೆ. ಬಾಗಿಲ ಮೇಲೆ ‘ಬಿಡುವಿನ ಕೋಣೆ’ ಎಂದು ಬೋರ್ಡು. ನಡೆಯಲಾರದ ಮಕ್ಕಳನ್ನೋ ಒಡಹುಟ್ಟಿದವರನ್ನೋ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ನಮ್ಮಂಥವರು ತಿಂಗಳಲ್ಲಿ ನಾಲ್ಕು ದಿನ ಅವರನ್ನು ಅಲ್ಲಿ ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದು. ನಾನು ಅದನ್ನೂ ಮಾಡುವುದಿಲ್ಲ. ತಿಂಗಳ ಸಂಜೆ ಪಾಳಿಗಳನ್ನೆಲ್ಲ ಆ ನಾಲ್ಕು ದಿನಕ್ಕೇ ಒಟ್ಟಿಕೊಂಡು, ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಕೂಗುತ್ತೇನೆ. ಆದರೂ ಅದು ಬಿಡುವೇ. ಅವನನ್ನು ಎತ್ತಬೇಕಿಲ್ಲದ ದಿನವೆಲ್ಲ ಬಿಡುವೇ.

ಆದರೆ ಅಲ್ಲಿ ನನ್ನ ತಮ್ಮನ ಪಾಡು! ಮೂವತ್ತೆರಡರ ಗಂಡಸು, ನಾನೇ ಕತ್ತರಿ ಹಿಡಿದು ತಿದ್ದಿದ ಮೀಸೆ, ಕೂತದ್ದು ಹಲ್ಲಿಲ್ಲದವರ ಪಂಕ್ತಿಯಲ್ಲಿ. ಅಪ್ಪ ನಾಟಕದ ಕಂಪನಿಯಲ್ಲಿ ರಾಜನ ಪಾರ್ಟು ಕಟ್ಟುತ್ತಿದ್ದ ಕಾಲಕ್ಕೆ ಹುಟ್ಟಿದವನು. ಕಾಲು ಬಾರದು, ಮಾತು ಬಾರದು ಎಂದು ಡಾಕ್ಟರು ಹೇಳಿದ ದಿನ ಅಪ್ಪ, “ಸಿಂಹಾಸನದ ಮೇಲೆ ಕೂತವನು ಏಳಬೇಕಾಗಿಯೂ ಇಲ್ಲ, ಕೂಗಬೇಕಾಗಿಯೂ ಇಲ್ಲ” ಎಂದು ದೊರೆ ಅಂತ ಕರೆದರು. ಬಲಗೈ ಒಂದೇ ಅವನ ಮಂತ್ರಿ. ಅದು ಮೇಲೆದ್ದರೆ ಹೌದು, ತೊಡೆಯ ಮೇಲೇ ಇದ್ದರೆ ಇಲ್ಲ. ಅವನನ್ನು ಕೇಳದೆ ನಾನು ಒಂದು ಲೋಟ ನೀರನ್ನೂ ಅವನ ತುಟಿಗೆ ಹಿಡಿದವಳಲ್ಲ.

ಅಲ್ಲಿ ಯಾರು ಕೇಳುತ್ತಾರೆ? ಬಚ್ಚಲ ಬಾಗಿಲು ಗಾಲಿಕುರ್ಚಿಗಿಂತ ಕಿರಿದು. ಇಬ್ಬರು ಹೆಂಗಸರು ದುಪ್ಪಟಿಯಲ್ಲಿ ಸುತ್ತಿ ಮೂಟೆಯ ಹಾಗೆ ಒಳಗೆ ಸಾಗಿಸುತ್ತಾರೆ. ಮುದುಕರಿಗೆ ಹಲ್ಲಿಲ್ಲವೆಂದು ಊಟವನ್ನೆಲ್ಲ ಒಂದೇ ಪಾತ್ರೆಗೆ ಸುರಿದು ರುಬ್ಬುತ್ತಾರೆ; ಹಲ್ಲಿರುವ ಇವನಿಗೂ ಅದೇ ಮುದ್ದೆಗಂಜಿ, ಕತ್ತಿಗೆ ಅದೇ ಜೊಲ್ಲುಬಟ್ಟೆ. ಅಡುಗೆಯವಳಿಗೆ ಬಸ್ಸು ತಪ್ಪುತ್ತದೆಂದು ಹೊತ್ತು ಮುಳುಗುವುದರೊಳಗೆ ಊಟ, ಊಟದ ಹಿಂದೆಯೇ ಹಾಸಿಗೆ. ಕಿಟಕಿಯಲ್ಲಿ ಬೆಳಕು ಇರುವಾಗಲೇ ನನ್ನ ದೊರೆ ಚಾವಣಿ ನೋಡುತ್ತ ಬಿದ್ದಿರಬೇಕು!

ಇವತ್ತು ಬಾಗಿಲಲ್ಲಿ ಮೇಟ್ರನ್ ನಗುತ್ತಾ, “ಮಗು ಚೆನ್ನಾಗಿ ಊಟ ಮಾಡ್ತಮ್ಮ” ಅಂದಳು.

“ಮಗುವಾ? ಅವನಿಗೆ ಮೀಸೆ ಕಾಣಿಸ್ತಿಲ್ವಾ?” ಎಂದು ಗುಡುಗಿದೆ.

“ಅಬ್ಬಾ, ನಿಧಾನಮ್ಮಾ. ನಿಮ್ಮ ಗಂಟಲಿಗೆ ನಮ್ಮ ಕಿವುಡಜ್ಜಿಗೂ ಕಿವಿ ಬಂತು ನೋಡಿ.”

ಮುದುಕರೆಲ್ಲ ನಕ್ಕರು. ದೊರೆಯೂ ನಕ್ಕ. ಅವನ ಪಕ್ಕದಲ್ಲಿ ಕೂತಿದ್ದ ದರ್ಜಿ ತಾತ ತೊಡೆ ತಟ್ಟಿಕೊಂಡು ನಕ್ಕ. ಈ ತಾತ ಗುಂಡಿಗಳ ಡಬ್ಬಿಯೊಂದನ್ನು ಇವನ ಮಡಿಲಿಗೆ ಸುರಿದು ಬಣ್ಣ ಬಣ್ಣ ಬೇರೆ ಮಾಡಿಸುತ್ತಿರುತ್ತಾನೆ. ಎಂಬತ್ತರ ಮುದುಕನಿಗೂ ನನ್ನ ತಮ್ಮನಿಗೂ ಎಲ್ಲಿಂದೆಲ್ಲಿಗೆ ಜೋಡಿ?

ಸಾಕು. ಈ ನಾಟಕಕ್ಕೆ ನಾನೇ ತೆರೆ ಎಳೆಯುತ್ತೇನೆ.

ಫೆಬ್ರವರಿ ೧೩, ಗುರುವಾರ

ಭಲೆ! ಇವತ್ತು ಸಭಾಂಗಣ ನಡುಗಿತು.

ಬಿಡುವಿನ ಕೋಣೆಯ ಬಗ್ಗೆ ಅಹವಾಲು ಕೇಳಲು ನಗರಸಭೆ ಕರೆದ ಸಭೆ. ವೇದಿಕೆಯ ಮೇಲೆ ಕಲ್ಯಾಣ ಇಲಾಖೆಯ ಸಾಹೇಬರು. ಏನು ಕೇಳಿದರೂ “ನೋಡೋಣ” ಅನ್ನುವುದರಿಂದ ಊರಿಗೆಲ್ಲ ಅವರು ನೋಡೋಣ ಸಾಹೇಬರು. ಬೇರೆ ಮನೆಯವರು ಒಬ್ಬೊಬ್ಬರೇ ಎದ್ದು ಗೊಣಗಿ ಕೂತರು. ನನ್ನ ಸರದಿ ಬಂದಾಗ ಮೈಕನ್ನು ಪಕ್ಕಕ್ಕೆ ಸರಿಸಿದೆ. ನನಗೆ ಮೈಕೇ? ಸಂಬಳಕ್ಕೆ ಕೂಗುವಾಗ ಮಾತ್ರ.

“ಮಹಾಜನರೇ! ಬಾಳಿನ ಸಂಜೆಗೆ ಅಂತ ಕಟ್ಟಿದ ಮನೇಲಿ ಬಾಳಿನ ಮಧ್ಯಾಹ್ನವನ್ನ ಯಾಕೆ ಮಲಗಿಸ್ತೀರಿ? ನಮ್ಮವರಿಗೆ ಅವರದೇ ಮನೆ ಬೇಕು. ಅಗಲವಾದ ಬಾಗಿಲು ಬೇಕು. ಹಲ್ಲಿಗೆ ಸಿಕ್ಕುವ ಅನ್ನ ಬೇಕು. ಕೊಡ್ತೀರೋ ಇಲ್ವೋ?”

“ನೋಡೋಣ” ಅಂದರು ಸಾಹೇಬರು.

ಆಗ ಬಂತು ನೋಡಿ ನನಗೆ ಆವೇಶ. ಅಪ್ಪ ಮೂರನೆಯ ಅಂಕದ ಕೊನೆಯಲ್ಲಿ ಕತ್ತಿ ಹಿರಿಯುತ್ತಿದ್ದ ಹಾಗೆ ಕೈ ಎತ್ತಿದೆ. “ನೋಡಿದ್ದು ಸಾಕು! ಈ ತಿಂಗಳು ಮುಗಿಯೋದ್ರೊಳಗೆ ಆ ಎರಡು ಬಾಗಿಲಿಗೆ ಬೀಗ ಬೀಳಬೇಕು. ಬೀಳದಿದ್ರೆ ಈ ಕೈಯಾರೆ ನಾನೇ ಜಡೀತೀನಿ!”

ಚಪ್ಪಾಳೆಯೇ ಚಪ್ಪಾಳೆ. ಎದ್ದು ನಿಂತು ಹೊಡೆದರು. ನೋಡೋಣ ಸಾಹೇಬರು ಮೊದಲ ಬಾರಿಗೆ ಪೆನ್ನು ತೆಗೆದು ಏನೋ ಬರೆದುಕೊಂಡರು.

ಹೊರಗೆ ಮೆಟ್ಟಿಲ ಬಳಿ ಮೇಟ್ರನ್ ಕಾದಿದ್ದಳು. “ಚೆನ್ನಾಗಿ ಮಾತಾಡಿದ್ರಿ. ಆದ್ರೆ ಒಂದು ಮಾತು. ಹಳೇ ಚಪ್ಪಲಿ ಕಚ್ಚುತ್ತೆ ಅಂತ ಹೊಸದು ಬರೋ ಮುಂಚೆ ಎಸೀಬಾರದಮ್ಮ. ಹೊಸ ಮನೆ ಎದ್ದ ಮೇಲೆ ಬೀಗ ಹಾಕಿ ಅನ್ನಬಹುದಿತ್ತು.”

“ಹಂಗಂದ್ರೆ ಚಪ್ಪಾಳೆ ಬೀಳ್ತಿತ್ತಾ?” ಅಂದೆ. ಅವಳಿಗೆ ಅವಳ ಕೆಲಸದ ಚಿಂತೆ. ನನಗೆ ತಿಳಿಯದೆ?

ಮಾರ್ಚ್ ೩, ಸೋಮವಾರ

ಬೀಗ ಬಿತ್ತು! ಜಯಭೇರಿ!

ನಾನೇ ಹೋಗಿ ಕಣ್ಣಾರೆ ನೋಡಿ ಬಂದೆ. ಎರಡೂ ಬಾಗಿಲಿಗೆ ಹಿತ್ತಾಳೆಯ ದಪ್ಪ ಬೀಗ. ನೋಡೋಣ ಸಾಹೇಬರೇ ಖುದ್ದಾಗಿ ನಿಂತಿದ್ದರು, ಮುಖದಲ್ಲಿ ಮದುವೆ ಮುಗಿಸಿದವರ ನಿರಾಳ. “ನೀವು ಕೇಳಿದ್ರಿ, ನಾವು ಮಾಡಿದ್ವಿ ಅಮ್ಮ. ಇಷ್ಟು ಬೇಗ ನಮ್ಮ ಇಲಾಖೇಲಿ ಏನೂ ಆಗಿದ್ದಿಲ್ಲ.”

“ಹೊಸ ಮನೆ ಯಾವಾಗ?”

“ನೋಡೋಣ.”

ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ದರ್ಜಿ ತಾತ, “ಹುಡುಗ ಯಾವಾಗ ಬರ್ತಾನಮ್ಮ?” ಅಂದ.

“ಇನ್ನು ಬರಲ್ಲ ತಾತ. ಅವನಿಗೆ ಬಿಡುಗಡೆ ಆಯ್ತು.”

“ಓ. ನನ್ನದೂ ಸ್ವಲ್ಪ ಮಾತಾಡು ಹಾಗಾದ್ರೆ” ಎಂದು ನಕ್ಕ. ಮನೆಗೆ ಬಂದು ದೊರೆಗೆ ವಿಷಯವನ್ನು ಅಭಿನಯಿಸಿಯೇ ತೋರಿಸಿದೆ. ಸಾಹೇಬರ ಪೆನ್ನು, ಬೀಗದ ಸದ್ದು, ಎಲ್ಲ. “ಸಂತೋಷವಾಯ್ತಾ?” ಎಂದು ಕೇಳಿದೆ. ಕೈ ತೊಡೆಯ ಮೇಲೇ ಇತ್ತು. ದಣಿದಿದ್ದ ಅಂತ ಕಾಣುತ್ತದೆ.

ಮಾರ್ಚ್ ೨೨, ಶನಿವಾರ

ನಿಲ್ದಾಣದ ಕಂಟ್ರೋಲರು ಇವತ್ತು ಕರೆಸಿದ. ಸಂಜೆ ಪಾಳಿಗಳನ್ನು ಒಂದೇ ಕಡೆ ಒಟ್ಟಿಕೊಳ್ಳುವುದಾಗಿ ಅಲ್ಲವೇ ಒಪ್ಪಂದ, ಈ ತಿಂಗಳು ಯಾಕೆ ಒಂದೂ ಮಾಡಿಲ್ಲ ಅಂದ. ಬಿಡುವಿನ ಕೋಣೆ ಮುಚ್ಚಿದೆ ಅಂದೆ.

“ಮುಚ್ಚಿಸಿದ್ದು ನೀವೇ ಅಂತ ಪೇಪರಿನಲ್ಲಿ ನೋಡಿದೆನಲ್ಲ?”

“ಅದು ಬೇರೆ ವಿಷಯ.”

“ವಿಷಯ ಬೇರೆ ಇರಬಹುದು, ಬಸ್ಸು ಅದೇ” ಅಂದ ದರಿದ್ರದವನು. ಇನ್ನು ಮೇಲೆ ಒಂದು ದಿನ ಬಿಟ್ಟು ಒಂದು ದಿನ ಸಂಜೆ ಪಾಳಿ. ಇಲ್ಲವಾದರೆ ಬೇರೆ ದನಿ ಹುಡುಕುತ್ತಾರಂತೆ. ಬೆಳಗ್ಗೆಯಾದರೆ ಮೇಲ್ಮನೆಯ ಅಜ್ಜಿ ಇಳಿದು ಬಂದು ದೊರೆಯ ಹತ್ತಿರ ಕೂರುತ್ತಾಳೆ. ಬೆಳಕು ಕಡಿಮೆಯಾದರೆ ಅವಳಿಗೆ ಮೆಟ್ಟಿಲೇ ಕಾಣುವುದಿಲ್ಲ. ಏನೋ ಮಾಡಬೇಕು. ಹೊಸ ಮನೆ ಎದ್ದುಬಿಟ್ಟರೆ ಎಲ್ಲ ಸರಿಹೋಗುತ್ತದೆ.

ಏಪ್ರಿಲ್ ೯, ಬುಧವಾರ

ದೊರೆಗೆ ಊಟ ಮಾಡಿಸುವುದೆಂದರೆ ಒಂದು ಇಡೀ ನಾಟಕ ಆಡಿಸಿದ ಹಾಗೆ. ಪ್ರತಿ ತುತ್ತನ್ನೂ ಅಗಿದು, ಯೋಚಿಸಿ, ನುಂಗುವವನು. ಮೊದಲೆಲ್ಲ ನಾನೂ ಜೊತೆಗೆ ಕೂತು ಹಾಡು ಹೇಳುತ್ತಿದ್ದೆ. ಸಂಜೆ ಪಾಳಿಯ ದಿನ ಹಾಡಿಗೆಲ್ಲಿಯ ಹೊತ್ತು? ಇವತ್ತು ಎಲ್ಲವನ್ನೂ ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿದೆ. ಸರಾಗವಾಗಿ ಇಳಿಯಿತು. ಮುಖ ತಿರುಗಿಸಿದ, ಆದರೆ ಇಳಿಯಿತು.

ಮನೆಯ ಊಟ, ಮನೆಯ ಕೈ. ಆಶ್ರಮದ ಮುದ್ದೆಗಂಜಿಗೆ ಇದನ್ನು ಹೋಲಿಸಲು ಸಾಧ್ಯವೇ?

ಏಪ್ರಿಲ್ ೨೮, ಸೋಮವಾರ

ಕತ್ತಿನ ಬಟ್ಟೆ ಕಟ್ಟಿದ್ದನ್ನು ಬಿಚ್ಚುವುದೇ ಬೇಡವೆನಿಸಿದೆ. ಕಟ್ಟು, ಬಿಚ್ಚು, ಒಗೆ, ಮತ್ತೆ ಕಟ್ಟು. ಇರಲಿ ಬಿಡು. ಮನೆಯಲ್ಲಿ ಯಾರು ನೋಡುತ್ತಾರೆ?

ಮೀಸೆಯನ್ನೂ ಬೋಳಿಸಿದೆ. ಗಂಜಿ ಮೆತ್ತಿಕೊಳ್ಳುತ್ತದೆ. ಕನ್ನಡಿ ತೋರಿಸಲು ಮರೆತೆ.

ಮೇ ೬, ಮಂಗಳವಾರ

ಪಾಳಿಗೆ ಹೊರಡುವ ಮುಂಚೆ ಅವನನ್ನು ಹಾಸಿಗೆಗೆ ಹಾಕಿ ಹೋದೆ. ಕುರ್ಚಿಯಲ್ಲೇ ಬಿಟ್ಟು ಹೋದರೆ ಬೀಳುತ್ತಾನೆ. ಹಾಸಿಗೆಯೇ ಕ್ಷೇಮ.

ಕಿಟಕಿಗೆ ದಪ್ಪ ಪರದೆ ತಂದು ಕಟ್ಟಿದೆ, ಬೆಳಕು ಕಣ್ಣಿಗೆ ಬೀಳಬಾರದಲ್ಲ. ಅಷ್ಟು ಮುತುವರ್ಜಿ ಆ ಆಶ್ರಮದಲ್ಲಿ ಯಾರಿಗಿತ್ತು?

ಮೇ ೩೦, ಶುಕ್ರವಾರ

ಅಯ್ಯೋ ನನ್ನ ಕರ್ಮವೇ.

ಪಾಳಿ ಮುಗಿಸಿ ಬಂದು ಬೀದಿ ಬಾಗಿಲು ತಳ್ಳಿದರೆ ತೆರೆಯುವುದಿಲ್ಲ, ಏನೋ ಅಡ್ಡ. ಸಂದಿಯಲ್ಲಿ ಕಣ್ಣಿಟ್ಟು ನೋಡಿದರೆ ಅವನು! ಹಾಸಿಗೆಯಿಂದ ಜಾರಿ, ಮೊಣಕೈ ಊರಿಕೊಂಡು, ನಡುಮನೆ ದಾಟಿ ಬೀದಿ ಬಾಗಿಲ ತನಕ ತೆವಳಿ ಬಂದಿದ್ದಾನೆ. ಮೊಣಕೈ ತರಚಿ ಹಸಿಯಾಗಿತ್ತು. ಕಣ್ಣು ಮಾತ್ರ ಬಾಗಿಲ ಮೇಲೆ.

“ಎಲ್ಲಿಗೆ ಹೊರಟಿದ್ದೆ ಮಹಾರಾಯ? ದಂಡಯಾತ್ರೆಗಾ?” ಎಂದು ಕೂಗಿದೆ. ಬೀದಿಯವರೆಲ್ಲ ಕೇಳಿಸಿಕೊಂಡಿರಬೇಕು. ಎತ್ತುವಾಗ ನನ್ನ ಸೊಂಟದಲ್ಲಿ ಏನೋ ಕಳಕ್ ಅಂದಿತು. ಬಾಗಿಲಿಗೆ ಬರದೆ ಅಡುಗೆಮನೆಗೆ ತೆವಳಿದ್ದರೆ? ಗ್ಯಾಸಿನ ಕೊಳವೆ ಎಳೆದಿದ್ದರೆ?

ನಾಳೆ ಬಡಗಿಯನ್ನು ಕರೆಸಿ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸುತ್ತೇನೆ. ಅವನ ಒಳ್ಳೆಯದಕ್ಕೇ.

ಜೂನ್ ೧೮, ಬುಧವಾರ

ಇಲಾಖೆಗೆ ದಂಡೆತ್ತಿ ಹೋದೆ. ನಾನೊಬ್ಬಳೇ. ಅವತ್ತು ಚಪ್ಪಾಳೆ ಹೊಡೆದವರಲ್ಲಿ ಒಬ್ಬರಿಗೂ ಮನೆ ಬಿಟ್ಟು ಬರುವ ಸ್ಥಿತಿ ಇಲ್ಲ. ಒಬ್ಬಳಂತೂ ಫೋನಿನಲ್ಲಿ, “ನಿಮ್ಮ ಭಾಷಣ ಕೇಳಿ ನಾವು ಹಾಳಾದ್ವಿ” ಅಂದಳು. ನಾಲಿಗೆಗೆ ಮೂಳೆಯಿಲ್ಲ, ಏನು ಬೇಕಾದರೂ ಹೊರಳುತ್ತದೆ.

“ಹೊಸ ಮನೆ ಎಲ್ಲಿ ಸ್ವಾಮಿ?”

“ಕೆಲಸ ನಡೀತಿದೆಯಮ್ಮ” ಅಂದರು ನೋಡೋಣ ಸಾಹೇಬರು.

“ಎಲ್ಲಿ ನಡೀತಿದೆ? ಜಾಗ ನೋಡ್ಕೊಂಡೇ ಬಂದೆ. ನಾಲ್ಕು ಗೋಡೆ ಎದ್ದು ನಿಂತಿವೆ, ಒಳಗೆ ಮೂರು ಕತ್ತೆ ಬಿಟ್ಟರೆ ಯಾರೂ ಇಲ್ಲ.”

“ಕತ್ತೆ ಓಡಿಸೋದು ಬೇರೆ ಇಲಾಖೆ.”

“ಅಲ್ಲೀವರೆಗೆ ಹಳೇ ಕೋಣೆಗಳ ಬೀಗ ತೆಗೀರಿ. ನಾಲ್ಕೇ ದಿನ. ಬೇಡ, ಎರಡೇ ದಿನ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅದು ಹೇಗಾಗುತ್ತೆ? ಆ ಜಾಗ ಮನುಷ್ಯರಿಗೆ ಯೋಗ್ಯವಲ್ಲ ಅಂತ ತುಂಬಿದ ಸಭೇಲಿ ಹೇಳಿದೋರು ನೀವು. ಇನ್ನು ಅಲ್ಲಿ ಒಬ್ಬರನ್ನ ಮಲಗಿಸಿ ಹೆಚ್ಚುಕಮ್ಮಿ ಆದ್ರೆ, ಗೊತ್ತಿದ್ದೂ ಮಲಗಿಸಿದ್ರಿ ಅಂತ ನನ್ನ ಕುತ್ತಿಗೆಗೆ ಬರುತ್ತೆ. ಅಲ್ದೆ ಈಗ ಅಲ್ಲಿ ನಮ್ಮ ಮುರುಕು ಕುರ್ಚಿಗಳನ್ನ ತುಂಬಿಸಿದೀವಿ.”

“ಕುರ್ಚಿಗೆ ಯೋಗ್ಯವಾಯ್ತಾ?”

“ಕುರ್ಚಿ ದೂರು ಕೊಡಲ್ಲಮ್ಮ.”

ಕೇಳಿ ನಗು ಬಂತು. ನಗುತ್ತಲೇ ಹೊರಬಂದೆ. ಮೆಟ್ಟಿಲ ಮೇಲೆ ಕೂತು ಇನ್ನಷ್ಟು ನಕ್ಕೆ. ಕಾವಲುಗಾರ ನೀರು ತಂದುಕೊಟ್ಟ.

ಜುಲೈ ೫, ಶನಿವಾರ

ಇವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಪಾಳಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ಗೇಟು ಕಿರ್ ಅಂದಿತು. ಯಾರೆಂದರೆ ದರ್ಜಿ ತಾತ! ಕೋಲು ಊರಿಕೊಂಡು, ಕಂಕುಳಲ್ಲಿ ಗುಂಡಿಗಳ ಡಬ್ಬಿ. ಎರಡು ಬಸ್ಸು ಬದಲಾಯಿಸಿ ಬಂದನಂತೆ, ಹಿಂದೊಂದು ದಿನ ನಿಲ್ದಾಣದ ಮೈಕಿನಲ್ಲಿ ನನ್ನ ದನಿ ಕೇಳಿ ವಿಳಾಸ ವಿಚಾರಿಸಿಟ್ಟುಕೊಂಡಿದ್ದನಂತೆ.

“ಹುಡುಗ ಎಲ್ಲಿ?”

ಚಿಲಕ ತೆಗೆದೆ. ತಾತ ಬಾಗಿಲಲ್ಲೇ ನಿಂತ, ಕತ್ತಲೆಗೆ ಕಣ್ಣು ಹೊಂದಿಸಿಕೊಂಡ. “ಹುಷಾರಿಲ್ವಾ?”

“ಚೆನ್ನಾಗಿದಾನೆ.”

“ಮತ್ತೆ ಮಲಗಿದಾನೆ?”

“ಮಲಗೋ ಹೊತ್ತು.”

ತಾತ ಪರದೆಯ ಅಂಚನ್ನು ಕೋಲಿನಿಂದ ಸರಿಸಿದ. ಬೆಳಕು ಹಾಸಿಗೆಯ ಮೇಲೆ ಬಿತ್ತು. “ಬಿಸಿಲು ಇನ್ನೂ ಗೋಡೆ ಮೇಲೇ ಇದೆಯಲ್ಲಮ್ಮ.”

“ನನಗೆ ಸಂಜೆ ಪಾಳಿ ತಾತ.”

“ಓಹೋ. ನಮ್ಮ ಅಡುಗೆಯವಳಿಗೂ ಬಸ್ಸಿತ್ತು.”

“ಏನರ್ಥ ಅದು?” ಎಂದು ಸೆರಗು ಬಿಗಿದೆ.

“ಅರ್ಥ ಏನಿಲ್ಲ ತಾಯಿ. ಬಸ್ಸು ಯಾರಿಗೂ ಕಾಯಲ್ಲ ಅಂದೆ.” ಹಾಸಿಗೆಯ ಅಂಚಿಗೆ ಕೂತು, ಇವನ ಕತ್ತಿನ ಬಟ್ಟೆಯನ್ನು ದರ್ಜಿಯ ಬೆರಳಲ್ಲಿ ಮುಟ್ಟಿ ನೋಡಿ ಬಿಚ್ಚಿದ. ಬೋಳಿಸಿದ ಮೇಲ್ತುಟಿ ನೋಡಿದ. “ಮೀಸೆ ಎಲ್ಲಿ ಹೋಯ್ತಪ್ಪ? ಕದ್ದೋರು ಯಾರು?” ಅಂದ. ಡಬ್ಬಿ ಸುರಿದ. ಕೆಂಪು ಬೇಕಾ ಎಂದರೆ ಕೈ ಮೇಲೆ, ನೀಲಿ ಬೇಕಾ ಎಂದರೆ ಕೈ ಮೇಲೆ. ಅದೇನು ನಗು, ಅದೇನು ಜೊಲ್ಲು! ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ.

“ಹೊತ್ತಾಯ್ತು ತಾತ.”

“ಇನ್ನು ಬರ್ಲೇನಪ್ಪ?” ಎಂದು ಅವನನ್ನು ಕೇಳಿದ, ನನ್ನನ್ನಲ್ಲ. ಕೈ ಮೇಲೆದ್ದಿತು.

ನಾನು ಗೇಟಿನ ತನಕ ಹೋಗಿ ಹೇಳಿದೆ: “ಬರಬೇಡಿ. ಹೊರಗಿನವರು ಬಂದ್ರೆ ಮಗುವಿಗೆ ಮಲಗೋ ರೂಢಿ ತಪ್ಪುತ್ತೆ.”

ತಾತ ನನ್ನನ್ನೇ ನೋಡಿದ. “ಯಾವ ಮಗು?” ಅಂದ.

ಎಂಬತ್ತಾದ ಮೇಲೆ ಅರಳುಮರುಳು. ಮೇಲ್ಮನೆ ಅಜ್ಜಿಗೂ ಹೇಳಿದ್ದೇನೆ, ಗೇಟು ತೆಗೆಯಬೇಡಿ ಎಂದು.

ಆಗಸ್ಟ್ ೧೨, ಮಂಗಳವಾರ

ಮಗು ಮಲಗಿದೆ. ಗಲಾಟೆ ಇಲ್ಲ. ಈಗೀಗ ಹೇಳಬೇಕಾಗಿಯೂ ಇಲ್ಲ, ಹೊತ್ತಿಗೆ ಸರಿಯಾಗಿ ತಾನೇ ಹಾಸಿಗೆಯ ಕಡೆ ನೋಡುತ್ತದೆ. ಬಾಯಿ ತೆರೆಯುತ್ತದೆ, ನುಂಗುತ್ತದೆ. ಎಷ್ಟು ಸುಲಭವಾಗಿದೆ.

ನಾನೂ ಮಲಗಬೇಕು. ಸೊಂಟ.

ಆಗಸ್ಟ್ ೨೬, ಮಂಗಳವಾರ

ನನ್ನ ಕೈ ಸ್ವಲ್ಪ ಜೋರಾಗಿ ಬಿದ್ದುಬಿಟ್ಟಿತು. ಉಗುಳಿದ್ದು ಅವನು. ಕೆನ್ನೆ ಕೆಂಪಾಗಿ ಸರಿಹೋಯಿತು.

ಸೆಪ್ಟೆಂಬರ್ ೨೦, ಶನಿವಾರ

ಏಳು, ಎಚ್ಚರಗೊಳ್ಳು, ರಣಭೇರಿ ಕೇಳು! ಕತ್ತೆಗಳು ಹೋದವು! ಹೊಸ ಮನೆಗೆ ಸೂರು ಬಂತು!

ನೋಡೋಣ ಸಾಹೇಬರೇ ಫೋನು ಮಾಡಿದರು. ಚುನಾವಣೆ ಹತ್ತಿರ ಬಂತೆಂದು ಕಾಣುತ್ತದೆ, ದನಿಯಲ್ಲಿ ಬೆಣ್ಣೆ. ಉದ್ಘಾಟನೆಯ ದಿನ ನಾನು ಮಾತಾಡಬೇಕಂತೆ. “ಹೋರಾಟ ಮಾಡಿದೋರು ನೀವೇ ಅಲ್ವಾ” ಅಂದರು. ಹೌದು, ಯಾರು ಮತ್ತೆ? ದೊರೆಯ ಹಾಸಿಗೆಯ ಪಕ್ಕ ನಿಂತು ಭಾಷಣ ಅಭ್ಯಾಸ ಮಾಡಿದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ.

ಆದರೆ ಒಂದು ತೊಡಕು. ಇರುವುದು ಆರು ಹಾಸಿಗೆ, ಕಾದಿರುವ ಮನೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿನ ಮೇಲ್ವಿಚಾರಕಿ ಪ್ರತಿ ಮನೆಗೂ ಬಂದು ನೋಡಿ ಆರಿಸುತ್ತಾಳಂತೆ. ನಮಗೆ ಸಿಗದಿದ್ದರೆ ನನ್ನ ಸೊಂಟ ಇನ್ನೊಂದು ವರ್ಷ ನಿಲ್ಲುವುದಿಲ್ಲ.

ಅಕ್ಟೋಬರ್ ೨೭, ಸೋಮವಾರ

ಮೇಲ್ವಿಚಾರಕಿ ಬಂದಿದ್ದಳು. ನಾನು ನಿನ್ನೆಯೇ ರಂಗಸಜ್ಜಿಕೆ ಮುಗಿಸಿದ್ದೆ. ಪರದೆ ತೆಗೆದೆ. ಕತ್ತಿನ ಬಟ್ಟೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದೆ. ದೊರೆಗೆ ಇಸ್ತ್ರಿ ಅಂಗಿ ತೊಡಿಸಿ ಕುರ್ಚಿಯಲ್ಲಿ ಕೂರಿಸಿದೆ. ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿದ್ದ.

ಹುಡುಗಿ ಅನ್ನುವಷ್ಟು ಚಿಕ್ಕವಳು. ನನಗೆ ಕೈ ಮುಗಿದು, ನೇರವಾಗಿ ಅವನ ಎದುರು ನೆಲದ ಮೇಲೆ ಕೂತಳು. “ದೊರೆ ಅವರೇ, ಒಳಗೆ ಬರಬಹುದಾ ಅಂತ ನಿಮ್ಮನ್ನ ಕೇಳೋದೇ ಮರೆತೆ.” ಅವನು ನನ್ನ ಮುಖ ನೋಡಿದ. “ಕೈ ಎತ್ತಪ್ಪಾ” ಅಂದೆ. ಎತ್ತಿದ.

ಕೋಣೆ ನೋಡಿ ಹೊರಬರುವಾಗ ಅವಳ ಬೆರಳು ಚಿಲಕದ ಮೇಲೆ ನಿಂತಿತು. “ಇದು ಹೊರಗಡೆ ಇದೆಯಲ್ಲ ಅಕ್ಕ?”

“ಬೆಕ್ಕಿನ ಕಾಟ” ಅಂದೆ. ದನಿ ನಡುಗಲಿಲ್ಲ. ಯಾರ ಮಗಳು ನಾನು!

“ಬೆಕ್ಕು ಹೊರಗಿಂದ ಬರೋದಾ, ಒಳಗಿಂದ ಹೋಗೋದಾ?” ಎಂದು ನಕ್ಕಳು. ನಾನೂ ನಕ್ಕೆ. ಹೋಗುವಾಗ, “ಉದ್ಘಾಟನೆಗೆ ಮುಂಚೆ ನಾಲ್ಕು ದಿನ ಬಂದಿದ್ದು ನೋಡಲಿ. ಅವರಿಗೆ ಜಾಗ ಇದೆ” ಅಂದಳು. ಗೆದ್ದೆ!

ನವೆಂಬರ್ ೩, ಸೋಮವಾರ

ಬಿಟ್ಟು ಬಂದೆ. ಎಂಥ ಬಾಗಿಲುಗಳು! ಆನೆಯೇ ಅಂಬಾರಿ ಹೊತ್ತು ಒಳಗೆ ಹೋಗಬಹುದು. ಬಚ್ಚಲಲ್ಲಿ ಮನುಷ್ಯನನ್ನು ಎತ್ತಿ ಇಳಿಸುವ ಯಂತ್ರವಿದೆ, ಗುಂಡಿ ಒತ್ತಿದರೆ ಸಾಕು. ಮೇಟ್ರನ್ನಿಗೂ ಇಲ್ಲಿಗೇ ವರ್ಗವಾಗಿದೆ. ಯೋಗ್ಯತೆ ನೋಡಿಯಲ್ಲ, ಬೇರೆ ಜನ ಸಿಗದೆ ಇರಬೇಕು. ನನ್ನನ್ನು ಕಂಡು “ಹೊಸ ಚಪ್ಪಲಿ ಬಂತಲ್ಲಮ್ಮ” ಅಂದಳು. ಅವನ ಮೊಣಕೈ ಮೇಲಿನ ಹಳೆಯ ಗಾಯದ ಕಲೆಯನ್ನು ಹೆಬ್ಬೆರಳಲ್ಲಿ ಸವರಿದಳು.

ನಾಲ್ಕು ದಿನ! ಮನೆಗೆ ಬಂದು ಹಗಲಲ್ಲೇ ಬಿದ್ದುಕೊಂಡೆ. ನಿದ್ದೆ ಬರಲಿಲ್ಲ. ಭಾಷಣ ಬಾಯಿಪಾಠ ಮಾಡಿದೆ.

ನವೆಂಬರ್ ೭, ಶುಕ್ರವಾರ

ಉದ್ಘಾಟನೆ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಶಾಮಿಯಾನ ತುಂಬಿತ್ತು. ನೋಡೋಣ ಸಾಹೇಬರು ನನ್ನನ್ನು ‘ಈ ಮನೆಯ ತಾಯಿ’ ಎಂದು ಕರೆದರು. ಮೈಕು ಸರಿಸಿದೆ, ಶುರು ಮಾಡಿದೆ. ಹಳೆಯ ಮನೆಯಲ್ಲಿ ನನ್ನ ತಮ್ಮ ಪಟ್ಟ ಪಾಡನ್ನು ಒಂದೊಂದಾಗಿ ಹೇಳಿದೆ. ಬಿಸಿಲಿರುವಾಗಲೇ ಹಾಸಿಗೆ. ಕತ್ತಿನಿಂದ ಇಳಿಯದ ಬಟ್ಟೆ. ಗಂಡಸಿಗೆ ಮಗು ಎಂಬ ಹೆಸರು. ಬೋಳಿಸಿದ ಮೀಸೆ. ಕತ್ತಲೆಯ ಪರದೆ. “ಹೊರಗಿನಿಂದ ಚಿಲಕ, ಮಹಾಜನರೇ, ಹೊರಗಿನಿಂದ ಚಿಲಕ!” ಎಂದಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಹಿಂದೆ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಮೇಟ್ರನ್ ತಲೆ ಎತ್ತಿ ನೋಡಿದಳು. ಬಾಯಿ ತೆರೆದಳು. ಆಮೇಲೆ ನೀರು ಕೊಡುತ್ತಾ ಹೋದಳು. ಹೇಳಲು ಅವಳಿಗೇನಿದೆ?

ಚಪ್ಪಾಳೆ ಅವತ್ತಿಗಿಂತ ಜೋರು. ದೊರೆ ಮುಂದಿನ ಸಾಲಿನ ಅಂಚಿನಲ್ಲಿದ್ದ. ಮೇಲ್ತುಟಿಯ ಮೇಲೆ ನಾಲ್ಕು ದಿನದ ಕೂದಲು ಚಿಗುರಿತ್ತು.

ಜನ ಕರಗಿದ ಮೇಲೆ ಅವನನ್ನು ಕರೆದೊಯ್ಯಲು ಕೋಣೆಗೆ ಹೋದೆ. ಮೇಲ್ವಿಚಾರಕಿ ಅವನ ಪಕ್ಕ ಕೂತಿದ್ದಳು.

“ಮೊದಲನೇ ಸಂಜೆ ಊಟ ಆಗ್ತಿದ್ದ ಹಾಗೇ ಹಾಸಿಗೆ ಕಡೆ ನೋಡ್ತಾ ಕೂತ್ಬಿಟ್ರು ಅಕ್ಕ. ಹೊರಗೆ ಎಲ್ಲರೂ ಕೇರಂ ಆಡ್ತಿದ್ರು. ತುತ್ತು ಕೊಡೋ ಮುಂಚೆ ಬಟ್ಟೆ ಕಟ್ಟಲಿ ಅಂತ ಗದ್ದ ಎತ್ತಿ ಕಾಯ್ತಿದ್ರು. ಬಾಗಿಲು ತೆರೆದೇ ಇಟ್ಟಿದ್ವಿ, ಆದ್ರೂ ಅದು ಮುಚ್ಚುತ್ತಾ ಅಂತ ನೋಡ್ತಾನೇ ಇದ್ರು.”

“ನೋಡಿದ್ರಾ! ಅದನ್ನೇ ನಾನು ಈಗ ಹೇಳಿದ್ದು. ಆ ಹಳೇ ಮನೆ ಮಾಡಿದ ಗಾಯ ಅದು.”

“ಅದು ಮುಚ್ಚಿ ಎಂಟು ತಿಂಗಳಾಯ್ತಲ್ಲ?”

“ಕೆಲವು ಗಾಯ ಮಾಯಲ್ಲ” ಅಂದೆ.

ಅವಳು ಅವನ ಕಡೆ ತಿರುಗಿದಳು. “ದೊರೆ ಅವರೇ, ಆ ಹಳೇ ಮನೇಲಿ ನಿಮ್ಮನ್ನ ಕೋಣೇಲಿ ಕೂಡಿಹಾಕ್ತಿದ್ರಾ?”

ಕೈ ತೊಡೆಯ ಮೇಲೇ ಇತ್ತು.

“ಬೇರೆ ಎಲ್ಲಾದ್ರೂ?”

ಅವನು ನನ್ನ ಕಡೆ ನೋಡಿದ. ಮಾತು ಮರೆತ ನಟ ಪಕ್ಕದ ಪರದೆಯತ್ತ ನೋಡುತ್ತಾನಲ್ಲ, ಹೇಳಿಕೊಡಲಿ ಎಂದು, ಹಾಗೆ. ಹೇಳಿಕೊಟ್ಟೆ. “ಅವನಿಗೆ ಪ್ರಶ್ನೆ ಅರ್ಥವಾಗಿಲ್ಲ” ಅಂದೆ.

“ಸರಿ. ಇವತ್ತು ಮನೆಗೆ ಹೋಗ್ತೀರಾ?”

ಕೈ ಅಲ್ಲಾಡಲಿಲ್ಲ.

“ಇನ್ನೂ ಸ್ವಲ್ಪ ದಿನ ಇಲ್ಲೇ...”

ಅವಳ ಮಾತು ಮುಗಿದಿರಲಿಲ್ಲ. ಕೈ ಎದ್ದಿತು. ಎದ್ದದ್ದು ಇಳಿಯಲಿಲ್ಲ. ನಾನು “ಸಾಕು ಇಳಿಸೋ, ನೋಯುತ್ತೆ” ಅಂದರೂ ಇಳಿಯಲಿಲ್ಲ. ನಾನು ಗೆದ್ದುಕೊಟ್ಟ ಮನೆ ಅವನಿಗೆ ಅಷ್ಟು ಹಿಡಿಸಿದೆ ಎಂದಾಯಿತು. ಇದಕ್ಕಿಂತ ಇನ್ನೇನು ಬೇಕು?

ಮೇಲ್ವಿಚಾರಕಿ ಎದ್ದು ನನ್ನನ್ನು ವರಾಂಡಕ್ಕೆ ಕರೆದಳು. ದನಿ ತಗ್ಗಿಸಿದಳು. “ಅಕ್ಕ, ಬೈಯೋಕೆ ಕೇಳ್ತಿಲ್ಲ. ಇಲ್ಲಿ ಅವರಿಗೆ ಯಾವ ರೂಢಿ ಬಿಡಿಸಬೇಕು ಅಂತ ನನಗೆ ಗೊತ್ತಾಗ್ಬೇಕು. ಮನೇಲಿ ಅವರು ಎಷ್ಟೊತ್ತಿಗೆ ಮಲಗ್ತಿದ್ರು?”

ಹತ್ತು ಅಂಕಣದ ಆಚೆಗೂ ಕೇಳಿಸುವ ಗಂಟಲು ನನ್ನದು. ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ತೆರೆದೆ. ಬೆಳಗ್ಗಿನಿಂದ ಭಾಷಣ, ಮೇಲೆ ಹೊಸ ಬಣ್ಣದ ಘಾಟು, ಕಟ್ಟಿಕೊಂಡಿತು ಅಷ್ಟೆ.  ಅವಳು “ಇರ್ಲಿ ಬಿಡಿ” ಎಂದು ನನ್ನ ತೋಳು ಮುಟ್ಟಿ ಒಳಗೆ ಹೋದಳು.

ಒಬ್ಬಳೇ ಮನೆಗೆ ಬಂದು ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ. ದನಿ ಇನ್ನೂ ಬಂದಿಲ್ಲ. ಚಿಂತೆಯಿಲ್ಲ. ಮನೆಯಲ್ಲಿ ಕೂಗಿ ಕರೆಯಬೇಕಾದವರು ಯಾರೂ ಇಲ್ಲ. ಗಂಟಲಿಗೆ ಇದಕ್ಕಿಂತ ಬಿಡುವು ಬೇಕೇ?